ನಮ್ಮ ಸಂಸದರ ಮತ ಯಾವ ಕಡೆಗೆ ಬಿತ್ತು?

2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರದ ವಿಶ್ವಾಸಮತ ಯಾಚನೆ ಲೋಕಸಭೆಯಲ್ಲಿ ಮತಕ್ಕೆ ಬಂದಾಗ, ಬೆಂಗಳೂರು ಉತ್ತರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ತಮ್ಮ ಪಕ್ಷದ ವಿಪ್ ಮೀರಿ ಸರ್ಕಾರದ ಪರ ಮತ ಹಾಕಿದರು. ಪೊಲೀಸ್ ಅಧಿಕಾರಿಯಾಗಿದ್ದಾಗಲೇ ಶಂಕರ್‌ನಾಗ್ ಅಭಿನಯದ ಸಿನಿಮಾದಿಂದ ಕರ್ನಾಟಕದ ಮನೆಮಾತಾಗಿದ್ದ ಅವರು, 2004ರಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಸಂಸತ್ತಿಗೆ ಹೋಗಿದ್ದರು. ಮತಯಾಚನೆಗೆ ಕಾರಣವಾಗಿದ್ದ ಅಮೆರಿಕದ ಜತೆಗಿನ ಅಣು ಒಪ್ಪಂದ ದೇಶಕ್ಕೆ ಬೇಕು ಎಂಬುದು ಅವರ ನಿಲುವು. ಸರ್ಕಾರವನ್ನು ಬೀಳಿಸಬೇಕು ಎಂಬುದು ಪಕ್ಷದ ಆದೇಶ. 275–256ರ ಅಂತರದಲ್ಲಿ ಸರ್ಕಾರ ಉಳಿಯಿತು, ಸಾಂಗ್ಲಿಯಾನ ಪಕ್ಷದಿಂದ ಉಚ್ಚಾಟನೆಯಾದರು.

ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಬೆಂಗಳೂರಿನ ಮತದಾರರು ಅಂದು ವಾದಿಸಿದರು, ಇಂದೂ ವಾದಿಸಬಹುದು. ಆ ದಿನದ ಮತ ಹೆಸರುಹೆಸರಾಗಿ ದಾಖಲಾಗಿರುವುದರಿಂದ ಈ ವಾದಕ್ಕೆ ಆಧಾರವಿದೆ. ನಮ್ಮ ಸಂಸತ್ತು ಅಂಗೀಕರಿಸುವ ಬಹುಪಾಲು ಕಾಯ್ದೆಗಳ ವಿಷಯದಲ್ಲಿ ಅಂಥ ಆಧಾರವೇ ಇಲ್ಲ. ಹಾಸನದ, ಬೀದರದ, ಕೋಲಾರದ ಮತದಾರ ತನ್ನ ಸಂಸದ ಇಂಥ ಕಾಯ್ದೆಗೆ ಹೌದೆಂದನೋ ಅಲ್ಲವೆಂದನೋ ಎಂದು ತಿಳಿಯಹೊರಟರೆ, ಹೆಚ್ಚಿನ ಸಲ ಸಂಸತ್ತಿನ ದಾಖಲೆಯಲ್ಲಿ ಉತ್ತರ ಸಿಗುವುದಿಲ್ಲ.

ಹೀಗಾಗಿ ನಾವು ಸಂಸದರನ್ನು ಬೇರೆ ಬೇರೆ ಸಂಗತಿಗಳಿಂದ ಅಳೆಯುತ್ತೇವೆ. ಊರ ಬಸ್ ತಂಗುದಾಣದ ಮೇಲೆ ಅವರ ಹೆಸರಿದೆಯೇ, ಸರ್ಕಲ್ಲಿಗೆ ಹೈಮಾಸ್ಟ್ ದೀಪ ಬಂತೇ, ಸಮುದಾಯ ಭವನಕ್ಕೆ ಅನುದಾನ ಕೊಟ್ಟರೇ, ಮದುವೆ–ತಿಥಿಗೆ ಬಂದರೇ? ಸಂಸದರ ಪ್ರದೇಶಾಭಿವೃದ್ಧಿ ನಿಧಿ ಶುರುವಾದದ್ದು 1993ರ ಡಿಸೆಂಬರಿನಲ್ಲಿ. ಈಗ ವರ್ಷಕ್ಕೆ 5 ಕೋಟಿ ರೂಪಾಯಿ. ಆ ಕೆಲಸಗಳು ಬೇಕಾದವೇ. ಆದರೆ ಅವುಗಳನ್ನು ಮಾಡಿಸಲು ಜಿಲ್ಲಾ ಪಂಚಾಯಿತಿ ಇದೆ, ಶಾಸಕರಿದ್ದಾರೆ. ಸಂಸದರಿಗೆ ಮಾತ್ರ ಇರುವ ಅಧಿಕಾರ ದೇಶದ ಕಾಯ್ದೆಗಳ ಮೇಲೆ ಮತ ಹಾಕುವುದು, ತಾವೇ ಮಸೂದೆ ಮಂಡಿಸುವುದು, ಸರ್ಕಾರದ ಹಣದ ಲೆಕ್ಕ ಕೇಳುವುದು. ಆ ಅಧಿಕಾರವನ್ನು ಅವರು ಹೇಗೆ ಬಳಸಿದರು, ಅದಕ್ಕೇರಲು ಅವರಿಗೆ ಹಣ ಕೊಟ್ಟವರು ಯಾರು ಎಂಬುದು ಮತದಾರನಿಗೆ ಗೊತ್ತಿರಬೇಕಾದ ಮೊದಲ ಸಂಗತಿ. ನಮ್ಮ ವ್ಯವಸ್ಥೆಯಲ್ಲಿ ಅದೇ ಎಲ್ಲಕ್ಕಿಂತ ಮಸುಕಾಗಿದೆ.

ಮತದಾನದಿಂದಲೇ ಶುರು ಮಾಡೋಣ. ಚರ್ಚೆ ಮುಗಿದ ಮೇಲೆ ಸ್ಪೀಕರ್ ಪ್ರಸ್ತಾವವನ್ನು ಸದನದ ಮುಂದಿಡುತ್ತಾರೆ. ಪರ ಇರುವವರು ಒಮ್ಮೆ, ವಿರೋಧ ಇರುವವರು ಒಮ್ಮೆ ಕೂಗುತ್ತಾರೆ. ಯಾವ ದನಿ ಜೋರೆಂದು ಸ್ಪೀಕರ್‌ಗೆ ಅನಿಸಿತೋ ಆ ಕಡೆ ಗೆದ್ದಂತೆ. ಇದು ಧ್ವನಿಮತ. ಇದರಲ್ಲಿ ಹೆಸರಿಲ್ಲ, ಸಂಖ್ಯೆಯೂ ಇಲ್ಲ. ಸ್ಪೀಕರ್ ತೀರ್ಮಾನವನ್ನು ಸದಸ್ಯರೊಬ್ಬರು ಪ್ರಶ್ನಿಸಿದರೆ ಮತವಿಭಜನೆ ಆಗಬೇಕು. ಆಗ ಮೂರೂವರೆ ನಿಮಿಷ ಗಂಟೆ ಬಾರಿಸಿ, ಬಾಗಿಲು ಮುಚ್ಚಿ, ಸದಸ್ಯರು ಆಸನದ ಮುಂದಿನ ಗುಂಡಿ ಒತ್ತುತ್ತಾರೆ: ಪರ ಇದ್ದರೆ ಹಸಿರು, ವಿರೋಧಕ್ಕೆ ಕೆಂಪು, ತಟಸ್ಥರಿಗೆ ಹಳದಿ. ಯಾರು ಯಾವ ಕಡೆ ಎಂಬ ಪಟ್ಟಿ ಸದನದ ನಡಾವಳಿಯಲ್ಲಿ ಅಚ್ಚಾಗುತ್ತದೆ. ಲೋಕಸಭೆಯ 367ನೇ ನಿಯಮ ಇದಕ್ಕೂ ಒಂದು ಅಡ್ಡದಾರಿ ಇಟ್ಟಿದೆ. ಮತವಿಭಜನೆಯ ಬೇಡಿಕೆ ಅನಗತ್ಯವೆಂದು ಸ್ಪೀಕರ್‌ಗೆ ತೋರಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಬಹುದು; ಹಾಗೆ ಎಣಿಸಿದಾಗ ಹೆಸರು ದಾಖಲಿಸುವಂತಿಲ್ಲ.

ಸಂವಿಧಾನ ತಿದ್ದುಪಡಿಗೆ ಮಾತ್ರ ವಿಶೇಷ ಬಹುಮತ ಬೇಕಿರುವುದರಿಂದ ಎಣಿಕೆ ತಪ್ಪುವುದಿಲ್ಲ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಪರ, 2 ವಿರೋಧ ಬಿದ್ದವು. ಆ ಇಬ್ಬರು ಯಾರೆಂದು ಇಡೀ ದೇಶಕ್ಕೆ ಗೊತ್ತು. ಬಹಳ ವಿವಾದದ ಮಸೂದೆಗಳಲ್ಲೂ ವಿರೋಧ ಪಕ್ಷ ಪಟ್ಟು ಹಿಡಿದರೆ ಎಣಿಕೆ ನಡೆಯುತ್ತದೆ. ಪೌರತ್ವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆ ದಾಟಿದ್ದು 311–80ರಲ್ಲಿ. ವಕ್ಫ್ ತಿದ್ದುಪಡಿ ಮಸೂದೆ 2025ರ ಏಪ್ರಿಲಿನಲ್ಲಿ ಮಧ್ಯರಾತ್ರಿ ಕಳೆದ ಮೇಲೆ 288–232ರಲ್ಲಿ. ಉಳಿದವು ಬಹುತೇಕ ಧ್ವನಿಮತದಲ್ಲೇ ಮುಗಿಯುತ್ತವೆ.

ಹಾಗೆ ಮುಗಿದವುಗಳಲ್ಲಿ ಸಣ್ಣಪುಟ್ಟ ತಿದ್ದುಪಡಿಗಳಷ್ಟೇ ಇಲ್ಲ. 2020ರ ಕೃಷಿ ಮಸೂದೆಗಳನ್ನು ನೆನೆಯಿರಿ. ಲೋಕಸಭೆ ಅವನ್ನು ಧ್ವನಿಮತದಲ್ಲಿ ಒಪ್ಪಿತು. ಸೆಪ್ಟೆಂಬರ್ 20ರ ಭಾನುವಾರ ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಮತವಿಭಜನೆ ಕೇಳಿದವು. ಸದಸ್ಯರು ತಮ್ಮ ಆಸನಗಳಿಗೆ ಹೋಗಿ ಕೇಳಲಿ ಎಂಬುದು ಪೀಠದ ನಿಲುವು. ಗದ್ದಲದ ನಡುವೆ ಎರಡು ಮಸೂದೆಗಳು ಧ್ವನಿಮತದಲ್ಲೇ ಅಂಗೀಕಾರವಾದವು. ಮರುದಿನ ಎಂಟು ಸದಸ್ಯರು ಅಮಾನತಾದರು. ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಅವರಲ್ಲೊಬ್ಬರು. ರೈತರು ವರ್ಷಕ್ಕೂ ಹೆಚ್ಚು ಕಾಲ ದೆಹಲಿಯ ಗಡಿಗಳಲ್ಲಿ ಕೂತರು. 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ಹಿಂಪಡೆದಾಗ ಎರಡೂ ಸದನಗಳಲ್ಲಿ ಚರ್ಚೆ ನಡೆಯಲಿಲ್ಲ, ಆಗಲೂ ಧ್ವನಿಮತವೇ. ಕಾಯ್ದೆ ಬಂದದ್ದು, ಹೋದದ್ದು ಎರಡಕ್ಕೂ ನಮ್ಮ 28 ಲೋಕಸಭಾ ಸದಸ್ಯರಲ್ಲಿ ಯಾರು ಏನೆಂದರು ಎಂಬುದಕ್ಕೆ ದಾಖಲೆ ಇಲ್ಲ. ಅಂದು ಆಸನದಲ್ಲಿ ಇದ್ದರೇ ಎಂಬುದನ್ನೂ ಖಚಿತವಾಗಿ ಹೇಳಲಾಗದು. ಹಾಜರಿ ಪುಸ್ತಕದ ಸಹಿಗೂ ಮತ ಹಾಕುವ ಹೊತ್ತಿಗೆ ಸದನದಲ್ಲಿ ಇರುವುದಕ್ಕೂ ಸಂಬಂಧವಿಲ್ಲ.

ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಇಂಥ ಸ್ಥಿತಿ ಇಲ್ಲ. 1973ರಿಂದ ಅಲ್ಲಿ ಯಂತ್ರದ ಮೂಲಕ ಮತ ದಾಖಲಾಗುತ್ತದೆ, ವರ್ಷಕ್ಕೆ ನೂರಾರು ಸಲ. ಚುನಾವಣೆ ಬಂದಾಗ ಎದುರಾಳಿಗಳು ಆ ಪಟ್ಟಿಯನ್ನೇ ಹಿಡಿದು ಊರೂರು ಸುತ್ತುತ್ತಾರೆ. 200 ಡಾಲರಿಗಿಂತ ಹೆಚ್ಚು ದೇಣಿಗೆ ಕೊಟ್ಟವರ ಹೆಸರೂ ಸಾರ್ವಜನಿಕ. ಅಲ್ಲಿ ಹಣದ ಆಟ ನಮ್ಮದಕ್ಕಿಂತ ಕಡಿಮೆಯೇನಲ್ಲ; ಆದರೆ ದಾನಿಯ ಹೆಸರನ್ನೂ ಸಂಸದನ ಮತವನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಒಬ್ಬ ಶಾಲಾ ಶಿಕ್ಷಕನಿಗೂ ಇದೆ. ನಮ್ಮಲ್ಲಿ ಎರಡೂ ಕಡೆ ಮಸುಕು.

ಒಂದು ಆಕ್ಷೇಪ ಬರಬಹುದು: ಹೆಸರು ದಾಖಲಾದರೂ ಏನು ಪ್ರಯೋಜನ, ಸಂಸದರು ಹಾಕುವುದು ಪಕ್ಷ ಹೇಳಿದ ಮತವನ್ನೇ ಅಲ್ಲವೇ? ಈ ಮಾತಿನಲ್ಲಿ ಸತ್ಯವಿದೆ, ಅದೇ ನನ್ನ ಎರಡನೇ ತಕರಾರು. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ ಎಂಬ ರೋಗಕ್ಕೆ ಮದ್ದೆಂದು ಬಂದ ಕಾಯ್ದೆ ಅದು. ರೋಗ ನಿಜವಾದದ್ದೇ. ಆದರೆ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೂ, ಅನುಮತಿ ಪಡೆಯದೆ ಮತದಾನದಿಂದ ದೂರ ಉಳಿದರೂ ಸದಸ್ಯತ್ವ ಹೋಗಬಹುದು ಎಂಬ ಅಂಶವೂ ಅದರಲ್ಲಿ ಸೇರಿತು. ಹದಿನೈದು ದಿನದೊಳಗೆ ಪಕ್ಷ ಕ್ಷಮಿಸಿದರೆ ಮಾತ್ರ ವಿನಾಯಿತಿ. ಸರ್ಕಾರದ ಅಳಿವು–ಉಳಿವಿನ ಪ್ರಶ್ನೆಗೂ ಯಾವುದೋ ಬಂದರು ಕಾಯ್ದೆಯ ತಿದ್ದುಪಡಿಗೂ ಅಲ್ಲಿ ಭೇದವಿಲ್ಲ.

ಕಾಯ್ದೆಯ ಈ ಅತಿಯನ್ನು ಗುರುತಿಸಿದವರಿಗೆ ಕೊರತೆಯೇನಿಲ್ಲ. ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಅನರ್ಹತೆಯ ಶಿಕ್ಷೆಯನ್ನು ವಿಶ್ವಾಸ–ಅವಿಶ್ವಾಸ ಮತಗಳಂಥ ಸಂದರ್ಭಗಳಿಗೆ ಸೀಮಿತಗೊಳಿಸಲು ಹೇಳಿತು. 1992ರಲ್ಲಿ ಕಿಹೊಟೊ ಹೊಲ್ಲೊಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ವಿಪ್‌ನ ಬಿಗಿ ಸರ್ಕಾರದ ಬಹುಮತ ಮತ್ತು ಪಕ್ಷದ ಮೂಲ ಕಾರ್ಯಕ್ರಮದ ವಿಷಯಗಳಿಗಷ್ಟೇ ಇರುವುದು ಒಳಿತೆಂಬ ಕಡೆಗೆ ಒಲವು ತೋರಿತು. ಕಾಂಗ್ರೆಸ್ಸಿನ ಮನೀಶ್ ತಿವಾರಿ 2010ರಲ್ಲಿ ಇದೇ ಉದ್ದೇಶದ ಖಾಸಗಿ ಮಸೂದೆ ಮಂಡಿಸಿದರು, ಆಮೇಲೂ ಮಂಡಿಸಿದರು. ಅವರ ಪಕ್ಷವೇ ಅಧಿಕಾರದಲ್ಲಿದ್ದಾಗಲೂ ಅದು ಕಾಯ್ದೆಯಾಗಲಿಲ್ಲ. ಸದಸ್ಯರಿಗೆ ಸ್ವಾತಂತ್ರ್ಯ ಸಿಗುವುದನ್ನು ಯಾವ ಪಕ್ಷದ ವರಿಷ್ಠರೂ ಬಯಸುವುದಿಲ್ಲ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಖಾಸಗಿ ಮಸೂದೆಗಳ ಕಥೆ ಕೇಳುವಂಥದ್ದು. ಸಚಿವರಲ್ಲದ ಯಾವುದೇ ಸದಸ್ಯರು ಮಂಡಿಸಿದ್ದು ಖಾಸಗಿ ಮಸೂದೆ. ಆಡಳಿತ ಪಕ್ಷದವರು ಮಂಡಿಸಿದರೂ ಅದೇ ಹೆಸರು. ಅಧಿವೇಶನದ ಶುಕ್ರವಾರಗಳಲ್ಲಿ ಎರಡೂವರೆ ತಾಸು ಈ ಕೆಲಸಕ್ಕೆ ಮೀಸಲು. 1952ರಿಂದ ಇಲ್ಲಿಯವರೆಗೆ ಹೀಗೆ ಬಂದು ಕಾಯ್ದೆಯಾದವು ಒಟ್ಟು 14. ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿ ಅಧಿಕಾರವನ್ನು ವಿಸ್ತರಿಸಿದ ಆನಂದ ನಾರಾಯಣ ಮುಲ್ಲಾ ಅವರ ಮಸೂದೆ 1970ರಲ್ಲಿ ಕಾಯ್ದೆಯಾಯಿತು. ಅದೇ ಕೊನೆ.

ಆ ಹದಿನಾಲ್ಕರಲ್ಲಿ ಒಂದನ್ನು ಪತ್ರಿಕೆ ಓದುವ ಪ್ರತಿಯೊಬ್ಬರೂ ನೆನಪಿಡಬೇಕು. ಸಂಸತ್ತಿನಲ್ಲಿ ಆಡಿದ ಮಾತಿಗೆ ಸಂಸದರಿಗೆ ರಕ್ಷಣೆ ಇತ್ತು, ಅದನ್ನು ವರದಿ ಮಾಡಿದ ಪತ್ರಕರ್ತನಿಗೆ ಇರಲಿಲ್ಲ. ಮಾನನಷ್ಟ ಮೊಕದ್ದಮೆಯ ಭಯವಿತ್ತು. ಕಾಂಗ್ರೆಸ್ ಸದಸ್ಯ ಫಿರೋಜ್ ಗಾಂಧಿ ಇದಕ್ಕಾಗಿ ಒಂದು ಮಸೂದೆ ತಂದರು. 1956ರಲ್ಲಿ ಅದು ಕಾಯ್ದೆಯಾಗಿ, ಸದನದ ನಡಾವಳಿಯ ಪ್ರಾಮಾಣಿಕ ವರದಿಗೆ ರಕ್ಷಣೆ ಸಿಕ್ಕಿತು. ಮರುವರ್ಷ ಅದೇ ಫಿರೋಜ್ ಗಾಂಧಿ ಸದನದಲ್ಲಿ ಎದ್ದು ನಿಂತು, ಜೀವ ವಿಮಾ ನಿಗಮದ ಹಣ ಹರಿದಾಸ್ ಮುಂದ್ರಾ ಕಂಪನಿಗಳಿಗೆ ಹೋದದ್ದನ್ನು ಬಯಲು ಮಾಡಿದರು. ಅವರದೇ ಪಕ್ಷದ, ಅವರ ಮಾವ ನೆಹರೂ ಅವರ ಸಂಪುಟದ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1958ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಸ್ವಂತ ಪಕ್ಷದ ಸರ್ಕಾರದ ಎದುರು ಹಾಗೆ ನಿಲ್ಲುವುದು ಒಬ್ಬ ಸದಸ್ಯನ ಸಹಜ ಕೆಲಸವೆಂದು ನಂಬಿದ್ದ ಕಾಲ ಅದು. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿ ಸರ್ಕಾರ ಫಿರೋಜ್ ತಂದ ಕಾಯ್ದೆಯನ್ನು ರದ್ದು ಮಾಡಿತು. 1977ರಲ್ಲಿ ಜನತಾ ಸರ್ಕಾರ ಅದನ್ನು ಮರಳಿ ತಂದಿತು, ಮುಂದೆ 44ನೇ ತಿದ್ದುಪಡಿ ಅದಕ್ಕೆ ಸಂವಿಧಾನದಲ್ಲೇ ಜಾಗ ಕೊಟ್ಟಿತು.

ಅಂಗೀಕಾರವಾಗದ ಖಾಸಗಿ ಮಸೂದೆ ವ್ಯರ್ಥ ಎಂದೇನೂ ಅಲ್ಲ. ಗೋಲಕನಾಥ್ ತೀರ್ಪಿನ ಬಳಿಕ ಸಂವಿಧಾನ ತಿದ್ದುವ ಅಧಿಕಾರವನ್ನು ಸಂಸತ್ತಿಗೆ ಮರಳಿಸಲು 1967ರಲ್ಲಿ ಸಂಸದ ನಾಥ್ ಪೈ ಮಸೂದೆ ತಂದರು. ಬೆಳಗಾವಿಯಲ್ಲಿ 1971ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆ ಮಸೂದೆಯೂ ಉಳಿದಿರಲಿಲ್ಲ. ಅದೇ ವರ್ಷ ಸರ್ಕಾರ 24ನೇ ತಿದ್ದುಪಡಿಯಾಗಿ ತಂದದ್ದು ಬಹುಮಟ್ಟಿಗೆ ಅದೇ ವಿಚಾರ. ಡಿಎಂಕೆಯ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು 2015ರ ಏಪ್ರಿಲ್ 24ರಂದು ರಾಜ್ಯಸಭೆ ಒಮ್ಮತದಿಂದ ಒಪ್ಪಿತು. ಖಾಸಗಿ ಮಸೂದೆಯೊಂದಕ್ಕೆ ಒಂದು ಸದನದ ಒಪ್ಪಿಗೆ ಸಿಗಲು ದಶಕಗಳೇ ಕಾಯಬೇಕಾಯಿತು. ಲೋಕಸಭೆಯಲ್ಲಿ ಅದು ಮುಂದೆ ಸಾಗಲಿಲ್ಲ. ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಶಿವ ಅವರ ಮಸೂದೆಯಲ್ಲಿದ್ದ ಉದ್ಯೋಗ–ಶಿಕ್ಷಣ ಮೀಸಲಾತಿ ಅದರಲ್ಲಿ ಇರಲಿಲ್ಲ. ಸಂಸದರೊಬ್ಬರು ಏನನ್ನು ನಂಬುತ್ತಾರೆಂದು ತಿಳಿಯಲು ಅವರು ಮಂಡಿಸಿದ ಖಾಸಗಿ ಮಸೂದೆಗಳಿಗಿಂತ ನೇರ ಸಾಕ್ಷಿ ಇನ್ನೊಂದಿಲ್ಲ. ವಿಪ್ ಇಲ್ಲದೆ ಅವರು ತಾವೇ ಆರಿಸಿಕೊಳ್ಳುವ ವಿಷಯ ಅದು. ಐದು ವರ್ಷದಲ್ಲಿ ಒಂದನ್ನೂ ಮಂಡಿಸದ ಸಂಸದರನ್ನು ಏಕೆಂದು ಕೇಳುವ ಹಕ್ಕು ನಮಗಿದೆ.

ಇನ್ನು ಹಣದ ವಿಚಾರ. ಕರ್ನಾಟಕದಂಥ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 2022ರ ಜನವರಿಯಿಂದ 95 ಲಕ್ಷ ರೂಪಾಯಿ. ಮೊದಲ ಮಹಾಚುನಾವಣೆಯಲ್ಲಿ ಅದು 25 ಸಾವಿರವಿತ್ತು. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚು ಇದರಲ್ಲಿ ಬರಬೇಕು. ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಕುರ್ಚಿ, ಶಾಮಿಯಾನ, ಕಾಫಿ, ಊಟ, ಬಾಡಿಗೆ ಕಾರು ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಮಾಡುತ್ತಾರೆ. ಅಭ್ಯರ್ಥಿಯ ಲೆಕ್ಕಕ್ಕೆ ಎದುರಾಗಿ ವೆಚ್ಚ ವೀಕ್ಷಕರ ತಂಡ ತನ್ನದೇ ಪುಸ್ತಕ ಇಡುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಕಾಗದದ ಮೇಲೆ ಇದಕ್ಕಿಂತ ಬಿಗಿ ಬೇಕಿಲ್ಲ.

ಬಿಗಿ ಸಡಿಲವಾಗುವುದು ಪಕ್ಷದ ಹತ್ತಿರ ಬಂದಾಗ. 1971ರಲ್ಲಿ ದೆಹಲಿ ಸದರ್ ಕ್ಷೇತ್ರದಲ್ಲಿ ಸೋತ ಕನ್ವರ್ ಲಾಲ್ ಗುಪ್ತಾ, ಗೆದ್ದ ಅಮರ್ ನಾಥ್ ಚಾವ್ಲಾ ಮಿತಿ ಮೀರಿ ಖರ್ಚು ಮಾಡಿದ್ದಾರೆಂದು ನ್ಯಾಯಾಲಯಕ್ಕೆ ಹೋದರು. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕೆಂದು ಸುಪ್ರೀಂ ಕೋರ್ಟ್ 1974ರ ಅಕ್ಟೋಬರಿನಲ್ಲಿ ಹೇಳಿತು. ಕೆಲವೇ ವಾರಗಳಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪಿನ ಬಲ ತೆಗೆದುಹಾಕಿತು. 2003ರಲ್ಲಿ ಆ ವಿನಾಯಿತಿಯನ್ನು ಕಿರಿದು ಮಾಡಿದರೂ ತಾರಾ ಪ್ರಚಾರಕರ ಓಡಾಟದ ಖರ್ಚು, ಅಭ್ಯರ್ಥಿಯ ಹೆಸರಿಲ್ಲದ ಪಕ್ಷದ ಪ್ರಚಾರ ಇಂದಿಗೂ 95 ಲಕ್ಷದ ಹೊರಗೇ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಒಂದು ಬಾಗಿಲಿಗೆ ಬೀಗ ಹಾಕಿ ಪಕ್ಕದ ಗೋಡೆಯನ್ನೇ ಕಟ್ಟದೆ ಬಿಟ್ಟ ಮನೆಯಂತೆ ಇದೆ ಈ ಕಾಯ್ದೆ.

ಪಕ್ಷಕ್ಕೆ ಹಣ ಎಲ್ಲಿಂದ ಬರುತ್ತದೆ? 20 ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕು. 2017ರ ಹಣಕಾಸು ಕಾಯ್ದೆ ದಾನಿಯ ಹೆಸರು ಮುಚ್ಚಿಡುವ ಚುನಾವಣಾ ಬಾಂಡ್ ತಂದು ಈ ನಿಯಮವನ್ನು ಪೊಳ್ಳು ಮಾಡಿತು. ಕಂಪನಿಗಳ ದೇಣಿಗೆಗೆ ಇದ್ದ ಲಾಭದ ಶೇ 7.5ರ ಮಿತಿಯನ್ನೂ ಕಿತ್ತುಹಾಕಿತು. 2018ರ ಮಾರ್ಚಿನಿಂದ 2024ರವರೆಗೆ ಸ್ಟೇಟ್ ಬ್ಯಾಂಕ್ 30 ಕಂತುಗಳಲ್ಲಿ 16,518 ಕೋಟಿ ರೂಪಾಯಿಯ ಬಾಂಡ್ ಮಾರಿತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮತದಾರನ ತಿಳಿಯುವ ಹಕ್ಕಿಗೆ ಇದು ವಿರುದ್ಧವೆಂದು ಯೋಜನೆಯನ್ನು ರದ್ದು ಮಾಡಿತು. ಪಟ್ಟಿ ಹೊರಬಂದಾಗ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್ಸಿಗೆ 1,600 ಕೋಟಿಗೂ ಹೆಚ್ಚು, ಕಾಂಗ್ರೆಸ್ಸಿಗೆ 1,400 ಕೋಟಿಗೂ ಹೆಚ್ಚು ಸಂದದ್ದು ಕಂಡಿತು. ಜೆಡಿಎಸ್, ಡಿಎಂಕೆಯಂಥ ಕೆಲವೇ ಪಕ್ಷಗಳು ದಾನಿಗಳ ಹೆಸರನ್ನು ಆಯೋಗಕ್ಕೆ ತಾವೇ ತಿಳಿಸಿದ್ದವು.

ಈ ಬಾಂಡ್ ಕಾಯ್ದೆಯಾದ ರೀತಿಯಲ್ಲೇ ಮತ, ಮಸೂದೆ, ಹಣ ಮೂರೂ ಸಂಧಿಸುತ್ತವೆ. ಅದು ಹಣಕಾಸು ಮಸೂದೆಯೊಳಗೆ ಸೇರಿಕೊಂಡು ಬಂತು. ಅಂಥ ಮಸೂದೆಯಲ್ಲಿ ಕೊನೆಯ ಮಾತು ಲೋಕಸಭೆಯದೇ; ಹಾಗಾಗಿ ರಾಜ್ಯಸಭೆ ಸೂಚಿಸಿದ ಐದು ತಿದ್ದುಪಡಿಗಳನ್ನು ಲೋಕಸಭೆ ಮರುದಿನವೇ ತಳ್ಳಿಹಾಕಬಹುದಾಯಿತು. ಮರುವರ್ಷ ಇನ್ನೂ ಕೆಟ್ಟದ್ದು ನಡೆಯಿತು. ಬಿಜೆಪಿ, ಕಾಂಗ್ರೆಸ್ ಎರಡೂ ವಿದೇಶಿ ದೇಣಿಗೆ ಕಾಯ್ದೆ ಉಲ್ಲಂಘಿಸಿವೆ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತ್ತು. 2018ರ ಮಾರ್ಚಿನಲ್ಲಿ ಹಣಕಾಸು ಮಸೂದೆಯೊಂದಿಗೆ ಬಂದ ಒಂದು ತಿದ್ದುಪಡಿ, ವಿದೇಶಿ ಮೂಲದ ವ್ಯಾಖ್ಯಾನದ ಬದಲಾವಣೆಯನ್ನು 1976ರಿಂದಲೇ ಜಾರಿಯಾಗುವಂತೆ ಮಾಡಿ ಎರಡೂ ಪಕ್ಷಗಳಿಗೆ ದಾರಿ ಸುಗಮಗೊಳಿಸಿತು. ಲೋಕಸಭೆ ಅದನ್ನು ಗದ್ದಲದ ನಡುವೆ, ಚರ್ಚೆಯಿಲ್ಲದೆ, ಧ್ವನಿಮತದಲ್ಲಿ ಒಪ್ಪಿತು. ತಮ್ಮ ಪಕ್ಷದ ಹಣದ ತಪ್ಪನ್ನು ನಲವತ್ತೆರಡು ವರ್ಷ ಹಿಂದಕ್ಕೆ ಹೋಗಿ ಮನ್ನಿಸಿದ ಮತ ಅದು. ಯಾರು ಹಾಕಿದರೆಂಬ ಪಟ್ಟಿ ಇಲ್ಲ. ನಮ್ಮ ಸಂಸತ್ತಿನ ಇತ್ತೀಚಿನ ಇತಿಹಾಸದಲ್ಲಿ ಇದಕ್ಕಿಂತ ನಾಚಿಕೆಯ ಅಂಗೀಕಾರವನ್ನು ನಾನು ಕಂಡಿಲ್ಲ.

ಮತವೂ ಪಕ್ಷದ್ದು, ಹಣವೂ ಪಕ್ಷದ್ದು ಎಂದಾದ ಮೇಲೆ ಸಂಸದರ ಜವಾಬ್ದಾರಿ ಎಲ್ಲಿ ಉಳಿಯಿತು? ಪಕ್ಷಗಳನ್ನೇ ಕೇಳೋಣವೆಂದರೆ ಅಲ್ಲೂ ಬಾಗಿಲು ಮುಚ್ಚಿದೆ. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್ 3ರಂದು ಆದೇಶಿಸಿತು. ಯಾವ ಪಕ್ಷವೂ ಅದನ್ನು ಪಾಲಿಸಲಿಲ್ಲ. ನ್ಯಾಯಾಲಯಗಳು ಮಾತ್ರ ಆಗಾಗ ಕಿಟಕಿ ತೆರೆದಿವೆ: ಅಭ್ಯರ್ಥಿಯ ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ 2002–03ರ ತೀರ್ಪುಗಳ ಫಲ, ಮತಕ್ಕಾಗಿ ಲಂಚ ಪಡೆದ ಸಂಸದರಿಗೆ ಸದನದ ರಕ್ಷಣೆ ಇಲ್ಲವೆಂದು ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ಹೇಳಿ, 1998ರ ತನ್ನದೇ ತೀರ್ಪನ್ನು ತಿರುಗಿಸಿತು.

ಇಷ್ಟೆಲ್ಲದರ ನಡುವೆಯೂ ಓದುಗರು ಇಂದೇ ನೋಡಬಹುದಾದದ್ದು ಇದೆ. ಲೋಕಸಭೆಯ ನಡಾವಳಿಗಳಲ್ಲಿ ಮತವಿಭಜನೆಯ ಪಟ್ಟಿಗಳಿವೆ. ಹಾಜರಿ, ಕೇಳಿದ ಪ್ರಶ್ನೆ, ಮಂಡಿಸಿದ ಖಾಸಗಿ ಮಸೂದೆಗಳನ್ನು ಪಿಆರ್‌ಎಸ್ ಶಾಸಕಾಂಗ ಸಂಶೋಧನಾ ಸಂಸ್ಥೆ ಒಬ್ಬೊಬ್ಬ ಸಂಸದರ ಹೆಸರಲ್ಲಿ ಹಾಕುತ್ತದೆ. ಪ್ರಮಾಣಪತ್ರಗಳು ಚುನಾವಣಾ ಆಯೋಗದಲ್ಲಿವೆ. ಅಭ್ಯರ್ಥಿಯ ಖರ್ಚಿನ ಲೆಕ್ಕವನ್ನು, ಅದರಲ್ಲಿರುವ ದೇಣಿಗೆಯ ಮೂಲದ ಸಮೇತ, ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು; ನಿಯಮದ ಪ್ರಕಾರ ಅದಕ್ಕೆ ಶುಲ್ಕ ಒಂದು ರೂಪಾಯಿ.

ವಿಪ್‌ನ ಹಿಡಿತ ಸಡಿಲಾಗಲು ಸಂವಿಧಾನ ತಿದ್ದಬೇಕು, ಪಕ್ಷದ ಖರ್ಚಿಗೆ ಮಿತಿ ಹಾಕಲು ಹೊಸ ಕಾಯ್ದೆ ಬೇಕು. ಎರಡೂ ಬೇಗ ಆಗುವ ಮಾತಲ್ಲ. ಮತದ ದಾಖಲೆಗೆ ಅಷ್ಟೆಲ್ಲ ಬೇಕಿಲ್ಲ. ತಮ್ಮ ಜಾಗದಿಂದ ಮತವಿಭಜನೆ ಕೇಳುವ ಹಕ್ಕು ಸದನದ ಪ್ರತಿಯೊಬ್ಬ ಸದಸ್ಯರಿಗೂ ಇದೆ. ನಿಮ್ಮ ಸಂಸದರು ಮುಂದಿನ ಸಲ ಊರಿಗೆ ಬಂದಾಗ ರಸ್ತೆ, ದೀಪಗಳ ಅರ್ಜಿಯ ಜತೆಗೆ ಇದನ್ನೂ ಬರೆದು ಕೊಡಿ: ರೈತರ, ಕಾರ್ಮಿಕರ, ತೆರಿಗೆಯ, ಚುನಾವಣಾ ಹಣದ ಯಾವುದೇ ಮಸೂದೆ ಬಂದಾಗ ತಾವು ಎದ್ದು ಮತವಿಭಜನೆ ಕೇಳಬೇಕು, ತಮ್ಮ ಮತವನ್ನು ಹೆಸರಿನ ಸಮೇತ ದಾಖಲಿಸಬೇಕು.